ಗಮಲು ಬಂತಾ?

ಆಗಸ್ಟ್ ೧೯, ಮಂಗಳವಾರ

ಬೆಳಗಿನ ಬಸ್ ತಪ್ಪಿತು. ದೋಸೆ ಹಿಟ್ಟಿನ ಪ್ಯಾಕೆಟ್ ಫ್ರಿಜ್‌ನಲ್ಲಿದ್ದರೂ ಹುಳಿ ಬಂದು ಉಬ್ಬಿಕೊಂಡಿತ್ತು. ಮೂಲೆ ಕತ್ತರಿಸಿದ್ದೇ ತಡ, ಬುಸ್ ಅಂತ ಸೀರೆ ಮೇಲೆ. ಬೇರೆ ಸೀರೆ, ಬೇರೆ ಬಸ್. ಇವರು ಫ್ಯಾಕ್ಟರಿ ವ್ಯಾನ್ ಹತ್ತಿ ಆಗಲೇ ಹೋಗಿದ್ದರು, ಡಬ್ಬಿಯಲ್ಲಿ ರೆಡಿ ಚಪಾತಿ, ಬಾಟಲಿ ಉಪ್ಪಿನಕಾಯಿ.

ಅತ್ತೆ ಅಡುಗೆಮನೆ ಹೊಸಿಲ ಮೇಲೆ ಕೂತು ಎಲ್ಲ ನೋಡಿದರು. "ಬೇರೆಯೋರು ರುಬ್ಬಿದ ಹಿಟ್ಟು, ಬೇರೆಯೋರು ಲಟ್ಟಿಸಿದ ಚಪಾತಿ. ನೀನೇನಮ್ಮಾ ಮಾಡ್ತೀಯ ಇಲ್ಲಿ? ಕತ್ತರಿ ಹಿಡ್ಕೊಂಡು ನಿಂತಿರ್ತೀಯ, ಟೈಲರ್ ಥರ."

ನಗು ಬಂತು. ನುಂಗಿದೆ. ಅವರ ಮಾತಿಗೆ ನಕ್ಕರೆ ಅದೂ ಅವರದೇ ಗೆಲುವು.

ಬಸ್ಸಿನಲ್ಲಿ ಕವನ ಸಂಕಲನ ತೆಗೆದೆ. ಮಾಕಳಿ ಬೆಟ್ಟ ಹಿಂದೆ ಸರಿಯುವವರೆಗೂ ಒಂದೇ ಸಾಲಿನ ಮೇಲೆ ಕಣ್ಣು. ಪದ್ಯವನ್ನು ಅವಸರದಲ್ಲಿ ಓದಬೇಡಿ ಅಂತ ಪಿಯುಸಿ ಮಕ್ಕಳಿಗೆ ಹೇಳುವವಳು ನಾನು. ಮನೆಯಲ್ಲಿ ಎರಡು ನಿಮಿಷದ್ದು, ಬಿಸಿ ನೀರು ಸುರಿದರೆ ಸಾಕು ಅನ್ನುವಂಥದ್ದು…

ಆಗಸ್ಟ್ ೨೪, ಭಾನುವಾರ

ದೇವನಹಳ್ಳಿಯಿಂದ ಮೈದುನ ಮುನಿರಾಜ್, ಅವನ ಹೆಂಡತಿ ಅಕ್ಷತ ಬಂದಿದ್ದರು. ಅವನಿಗೆ ಸೈಟ್ ವ್ಯವಹಾರ. ಅವಳು ಏರ್‌ಪೋರ್ಟ್ ಹತ್ತಿರದ ಹೋಟೆಲ್‌ನಲ್ಲಿ ರಿಸೆಪ್ಷನ್. ಬಂದಿದ್ದು ಹಿರಿಯರ ಹಬ್ಬದ ಮಾತಿಗೆ. ಮಹಾಲಯ ಅಮಾವಾಸ್ಯೆಗೆ ಮಾವ ವೆಂಕಟರಾಯಪ್ಪನವರಿಗೂ ಅವರ ಹಿಂದಿನವರಿಗೂ ಎಡೆ ಇಡುವುದು ಇದೇ ಮನೆಯಲ್ಲಿ, ಅತ್ತೆಯ ಕೈ ಅಡುಗೆಯಲ್ಲೇ.

"ಅಮ್ಮ, ಈ ವರ್ಷ ಸಾಕು. ಮುಂದಿನ್ ವರ್ಷದಿಂದ ನಮ್ಮನೇಲಿ ಇಟ್ಕೊಳಣ. ಕೇಟರಿಂಗ್‌ನೋರಿಗೆ ಹೇಳಿದ್ರೆ ಮುದ್ದೆಯಿಂದ ಹಿಡಿದು ವಡೆ ತನಕ ತಂದಿಟ್ಟು ಹೋಗ್ತಾರೆ. ನೀನೂ ಅಲ್ಲೇ ಬಂದ್ಬಿಡು."

"ನಿಮ್ಮಪ್ಪ ಬದುಕಿದ್ದಾಗ ಕೇಟರಿಂಗ್‌ನೋರ ಕೈಲಿ ತಿಂದಿದ್ನೇನೋ? ಸತ್ ಮೇಲೆ ಯಾಕೋ ಅವ್ನಿಗೆ ಆ ಶಿಕ್ಷೆ?" ಅತ್ತೆ ಎಲೆ ಅಡಿಕೆ ಉಗಿದು ಬಂದು ಕೂತರು. "ಕೇಳ್ರಪ್ಪಾ ಎಲ್ಲಾರೂ. ನನ್ನ ಕೈ ನಡೆಯೋ ತನಕ ಎಡೆನೂ ಇಲ್ಲೇ, ನಾನೂ ಇಲ್ಲೇ. ಕೈ ಕೆಟ್ಟ ದಿನ ಹೇಳಿ, ನಾನೇ ಬ್ಯಾಗ್ ತಗೊಂಡು ನಿನ್ನ ಕಾರ್ ಹತ್ತೀನಿ."

ಕೈ ಎಲ್ಲಿ ಕೆಡುತ್ತದೆ. ಎಡೆ ಇಡುವ ತನಕ ಯಾರೂ ಅಡುಗೆಯನ್ನು ನಾಲಿಗೆಗೆ ತಾಕಿಸುವಂತಿಲ್ಲ. ಉಪ್ಪು ಖಾರ ಎಲ್ಲ ಅಂದಾಜು. ಹುರಿಯುವುದಂತೂ ಅತ್ತೆ ಕಣ್ಣು ಮುಚ್ಚಿಕೊಂಡೇ. "ಕಣ್ಣಲ್ಲಿ ನೋಡ್ಕೊಂಡು ಹುರಿಯೋರು ಹೋಟ್ಲೋರು" ಅನ್ನುತ್ತಾರೆ. ಮದುವೆಯಾಗಿ ಬಂದಾಗಿನಿಂದ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದೇ ಪ್ರಶ್ನೆ — "ಗಮಲು ಬಂತಾ?" ಬಂತು ಅಂದರೆ "ಇನ್ನೂ ಹಸಿ ವಾಸ್ನೆ ಕಣೇ." ಇಲ್ಲ ಅಂದರೆ "ಆಗ್ಲೇ ಬಂದು ಹೊರಟೋಯ್ತು, ನಿನ್ನ ಬಸ್ ಥರ." ಸುತ್ತಲಿದ್ದ ಹೆಂಗಸರಿಗೆಲ್ಲ ನಗು.

ಅಪ್ಪ ಒಮ್ಮೆ ಬಂದಿದ್ದರು. ಊಟಕ್ಕೆ ಕೂತಿದ್ದವರ ಎದುರು ಅತ್ತೆ ಅಂದಿದ್ದು: "ಮಗಳಿಗೆ ಎಂ.ಎ. ಓದ್ಸಿದ್ರಿ, ಮೂಗು ಕೊಡೋದ್ ಮರ್ತ್ರಿ." ಅಪ್ಪ ತಟ್ಟೆ ನೋಡಿಕೊಂಡು ನಕ್ಕರು. ಅಪ್ಪ ಈಗ ಇಲ್ಲ. ಆ ನಗು ಇದೆ.

ಆಗಸ್ಟ್ ೨೭, ಬುಧವಾರ

ಗಣೇಶ. ಮಗಳು ಸಿಂಚನ ಹಾಸ್ಟೆಲ್‌ನಿಂದ ಬಂದಿದ್ದಾಳೆ. ಊಟಕ್ಕೆ ಕೂತು ಅಂದಳು: "ಅಜ್ಜಿ, ನಿನ್ನ ಸಾರು ಥೇಟ್ ನಮ್ಮ ಹಾಸ್ಟೆಲ್ ಸಾರು. ಸೇಮ್ ಟು ಸೇಮ್!"

ಅತ್ತೆಯ ಸೌಟು ಪಾತ್ರೆಯೊಳಗೇ ನಿಂತಿತು. "ಹಾಸ್ಟೆಲ್‌ನೋರು ನನ್ನ ಹತ್ರಾನೇ ಕಲ್ತಿರ್ಬೇಕು ಕಣೇ" ಅಂದರು. ಎಲ್ಲ ನಕ್ಕರು. ಅತ್ತೆ ಎಲ್ಲರಿಗಿಂತ ತಡವಾಗಿ ನಕ್ಕರು.

ಸೆಪ್ಟೆಂಬರ್ ೨, ಮಂಗಳವಾರ

ಕಾಲೇಜಿಂದ ಬರುತ್ತಿದ್ದೆ. ಗೇಟಿನ ಹತ್ತಿರವೇ ಸೀದ ಹಾಲಿನ ಕಮಟು. ಒಳಗೆ ಓಡಿದರೆ ಅತ್ತೆ ಒಲೆಯ ಮಗ್ಗುಲಲ್ಲೇ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಾರೆ. ಆರಾಮಾಗಿ.

"ಅತ್ತೆ, ಹಾಲು!"

ತಿರುಗಿ ನೋಡಿದರು. ಆ ಮುಖವನ್ನು ನಾನು ಮೊದಲು ಕಂಡಿರಲಿಲ್ಲ. ಎರಡು ಕ್ಷಣ ಅಷ್ಟೇ. "ಗೊತ್ತು ಬಿಡೇ. ಕೋವಾ ಆಗ್ಲಿ ಅಂತ ಬಿಟ್ಟಿದ್ದೆ."

ಕೋವಾ ಅಲ್ಲ, ಕರಿಕು. ತಂತಿ ನಾರಿನಲ್ಲಿ ಉಜ್ಜಿದರೂ ಹೋಗಲಿಲ್ಲ.

ಯುಗಾದಿ ಆದ ಮೇಲೆ ಅತ್ತೆಗೆ ಕೆಟ್ಟ ಜ್ವರ ಬಂದಿತ್ತು. ಆಮೇಲೆ ಮಲ್ಲಿಗೆ ಮುಡಿದದ್ದನ್ನು ನೋಡಿದ ನೆನಪಿಲ್ಲ. "ವಯಸ್ಸಾಯ್ತು, ಯಾಕೆ ಹೂವು" ಅಂದಿದ್ದರು.

ಸೆಪ್ಟೆಂಬರ್ ೪, ಗುರುವಾರ

ಒಂದು ಚೀಟಿಯಲ್ಲಿ ಮೈದಾ ಕಟ್ಟಿ ಕೊಟ್ಟೆ. "ಅತ್ತೆ, ಹೊಸ ಅಂಗಡಿ ಇಂಗು. ಹೇಗಿದೆ ನೋಡಿ."

ಮೂಗಿನ ಹತ್ತಿರ ಹಿಡಿದರು. ಉದ್ದಕ್ಕೆ ಉಸಿರೆಳೆದರು. ಹುಬ್ಬು ಗಂಟು ಹಾಕಿ, ತಲೆ ಅಲ್ಲಾಡಿಸಿ — "ಪರ್ವಾಗಿಲ್ಲ. ಘಾಟಿದೆ."

ಮೈದಾಗೆ ಘಾಟು.

ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ನಕ್ಕೆ. ಇಷ್ಟು ಸಂತೋಷ ಯಾವ ಕಾಲದಲ್ಲಿ ಆಗಿತ್ತೋ.

ಸೆಪ್ಟೆಂಬರ್ ೭, ಭಾನುವಾರ

ಹಂಡೆ ಒಲೆಯ ಬೂದಿ ತೆಗೆಯುತ್ತಿದ್ದೆ. ಅರ್ಧ ಬೆಂದು ಮುದುರಿಕೊಂಡ ಪ್ಯಾಕೆಟ್‌ಗಳು. ಸಾರಿನ ಪುಡಿ, ಮಟನ್ ಮಸಾಲಾ. ಬಣ್ಣ ಇನ್ನೂ ಗುರುತು ಸಿಗುತ್ತಿತ್ತು. ನಾನು ತರುವ ಕಂಪನಿಯದೇ.

ಹಾಗಾದರೆ ಎಲೆ ಅಡಿಕೆ ತರ್ತೀನಿ ಅಂತ ದಿನಾ ಅಂಗಡಿಗೆ ಹೋಗುವುದು ಇದಕ್ಕೆ. ತಂದು, ಹಳೇ ಸ್ಟೀಲ್ ಡಬ್ಬಿಗೆ ಸುರಿದು, ಕವರ್ ಒಲೆಗೆ. ಪ್ಯಾಕೆಟ್‌ನವನು ಹುರಿದದ್ದು ಯಾವತ್ತೂ ಸೀಯುವುದಿಲ್ಲ. ಅಳತೆ ತಪ್ಪುವುದಿಲ್ಲ. ಮೂಗು ಬೇಕಾಗಿಲ್ಲ. ಮೊನ್ನೆ ತಾನೇ ಇವರು ಬೆರಳು ಚೀಪಿಕೊಂಡು ಅಂದರು: "ಅಮ್ಮನ ಸಾರು ಅಂದ್ರೆ ಅಮ್ಮನ ಸಾರೇ. ನಿನ್ನ ಪ್ಯಾಕೆಟ್‌ಗೂ ಇದಕ್ಕೂ ಎಲ್ಲಿಂದೆಲ್ಲಿಗೆ ವಾಣಿ?"

ಬೂದಿ ಬುಟ್ಟಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ. ಮುದುಕಿ ಎಷ್ಟು ಹೆದರಿರಬೇಕು. ಒಂದು ದಿನ ಒಗ್ಗರಣೆ ಹಾಕಿ ನಿಂತು, ಏನೂ ಬರದೆ ಹೋದಾಗ… ಯಾರಿಗೂ ಹೇಳದೆ, ಸೆರಗಿನೊಳಗೆ ಪ್ಯಾಕೆಟ್ ಮುಚ್ಚಿಕೊಂಡು ನಡೆದು ಬರುವುದು. ಇದರಲ್ಲಿ ಒಂದು ಪದ್ಯ ಇದೆ ಅನ್ನಿಸಿತು.

ಪ್ಯಾಕೆಟ್‌ಗಳನ್ನು ಮತ್ತೆ ಒಲೆಗೆ ಹಾಕಿದೆ. ಪೂರ್ತಿ ಸುಡಲಿ. ಬೇರೆ ಯಾರಿಗೂ ಸಿಗಬಾರದು.

ಸೆಪ್ಟೆಂಬರ್ ೧೩, ಶನಿವಾರ

ಅಕ್ಷತಗೆ ಫೋನ್ ಮಾಡಿದೆ. "ಹಬ್ಬದ ದಿನ ಅತ್ತೆ ಮಸಾಲೆ ಹುರಿಯೋದನ್ನ ವಿಡಿಯೋ ಮಾಡ್ಕೊಳೇ. ಈಗೆಲ್ಲ ಜನ ಇಷ್ಟಪಟ್ಟು ನೋಡ್ತಾರೆ."

"ಅಕ್ಕ, ಸೂಪರ್ ಐಡಿಯಾ! ನನಗೆ ಹೊಳೀಲೇ ಇಲ್ಲ ನೋಡಿ. ಅಜ್ಜಿ ಕೈರುಚಿ ಅಂತ ಹಾಕ್ತೀನಿ. ಫುಲ್ ಟ್ರೆಡಿಷನಲ್."

ಇನ್ನು ಡಬ್ಬಿಯಿಂದ ಸುರಿಯುವುದಕ್ಕೆ ಆಗುವುದಿಲ್ಲ. ಸಂಜೆ ಅತ್ತೆಗೆ ತಿಳಿಸಿದೆ. "ವಿಡಿಯೋ ಗಿಡಿಯೋ ಏನೂ ಬೇಡ. ನಾನೇನ್ ಸಿನಿಮಾದೋಳಾ?" ಅಂದರು. ಇವರು ಪಕ್ಕದಿಂದ, "ಮಾಡ್ಕೊಳ್ಲಿ ಬಿಡಮ್ಮ, ಸೊಸೆ ಆಸೆ ಪಡ್ತಾವ್ಳೆ." ಅಲ್ಲಿಗೆ ಮುಗಿಯಿತು.

ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ಕೇಳಿದರು. "ಹುರಿಯೋವಾಗ ನೀನು ಪಕ್ಕದಲ್ಲಿರ್ತೀಯ ತಾನೆ?"

"ಇರ್ತೀನಿ ಅತ್ತೆ."

"ಗಮಲು ಬಂದ್ರೆ ಹೇಳು. ಇಷ್ಟು ವರ್ಷಕ್ಕೆ ಏನ್ ಕಲ್ತಿದೀಯ ನೋಡೇಬಿಡಣ."

ಮೊದಲ ಸಲ ನನ್ನ ಮೂಗು ಅವರಿಗೆ ಬೇಕು. ಕೇಳಿದ ಧಾಟಿ ಮಾತ್ರ ಅದೇ. ವಾಣಿ, ನನಗೆ ವಾಸನೆ ಗೊತ್ತಾಗ್ತಿಲ್ಲ ಕಣೇ — ಇಷ್ಟು ಅಂದಿದ್ದರೆ… ಕಾದೆ. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾ ಕಾದೆ. ಅನ್ನಲಿಲ್ಲ.

ಸೆಪ್ಟೆಂಬರ್ ೨೧, ಭಾನುವಾರ. ಅಮಾವಾಸ್ಯೆ

ಮಧ್ಯಾಹ್ನ ಆಗಿದೆ. ಎಲ್ಲರೂ ಹೊರಗೆ ಮಾತಾಡುತ್ತಿದ್ದಾರೆ. ರೂಮಿನ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಈಗಲೇ ಬರೆಯಬೇಕು.

ಹಿತ್ತಲಲ್ಲಿ ಮೂರು ಕಲ್ಲಿನ ಒಲೆ. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಹಸಿ ಸೌದೆ, ಕಣ್ಣುರಿಯುವ ಹೊಗೆ. ಕಬ್ಬಿಣದ ಕರಿ ಬಾಣಲೆಗೆ ಧನಿಯ, ಮೆಣಸು, ಗಸಗಸೆ. ಅಕ್ಷತ ಮೊಬೈಲ್ ಹಿಡಿದು ಎದುರಿಗೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿ, ಕೈಯಾಡಿಸುತ್ತಿದ್ದರು. ನೋಡುವವರಿಗೆ ಪೂಜೆಗೆ ಕೂತ ಹಾಗೆ.

"ಗಮಲು ಬಂತಾ?"

ಬಂದಿತ್ತು. ಎಷ್ಟು ಸ್ಪಷ್ಟವಾಗಿ ಬಂದಿತ್ತೆಂದರೆ, ಇಷ್ಟು ವರ್ಷ ಅವರು ನನಗೆ ಕಲಿಸಲು ಹೊರಟಿದ್ದು ಇದು ಅಂತ ಆ ಕ್ಷಣದಲ್ಲಿ ಗೊತ್ತಾಯಿತು. ಹಸಿ ಹೋಗಿ ಬೆಚ್ಚಗಿನದೊಂದು ಏಳುತ್ತದೆ, ಗಂಟಲಿಗೆ ತಾಕುತ್ತದೆ, ಅಲ್ಲೇ ನಿಲ್ಲಿಸಬೇಕು.

"ಇನ್ನೂ ಇಲ್ಲ ಅತ್ತೆ."

ಕೈ ಆಡಿತು. ಚಿಟಪಟ ನಿಂತಿತು.

"ಈಗ?"

"ಇನ್ನೊಂಚೂರು."

ಹೊಗೆ ಬಾಣಲೆಯದೋ ಸೌದೆಯದೋ ಗುರುತಾಗುತ್ತಿರಲಿಲ್ಲ. ನನ್ನ ಮೂಗಿಗೆ ಗುರುತಾಗುತ್ತಿತ್ತು.

"ವಾಣಿ, ಈಗಲಾದ್ರೂ?"

ಒಂದು ಉಸಿರು ಬಿಟ್ಟೆ. ಇನ್ನೊಂದು. "ಈಗ ಬಂತು ಅತ್ತೆ. ಇಳಿಸಿ."

ಅಕ್ಷತ ಹತ್ತಿರಕ್ಕೆ ಬಗ್ಗಿದಳು. "ವಾವ್ ಅತ್ತೆ, ಸ್ಮೆಲ್ ಸಖತ್ತಾಗಿದೆ!" ಪಾಪ, ಮನೆಯಲ್ಲಿ ಒಂದು ಸಲವೂ ಮಸಾಲೆ ಹುರಿದವಳಲ್ಲ, ಅವಳಮ್ಮ ಹುರಿದದ್ದನ್ನೂ ನೋಡಿಲ್ಲ. ಹುರಿದದ್ದಕ್ಕೂ ಸೀದದ್ದಕ್ಕೂ ಅವಳಿಗೆ ವ್ಯತ್ಯಾಸವಿಲ್ಲ.

ಅತ್ತೆ ಕಣ್ಣು ಬಿಟ್ಟರು. ಮುಖ ಸಡಿಲವಾಗಿತ್ತು. ನನ್ನ ಕಡೆ ತಿರುಗಿ ಅಂದರು:

"ಕಲ್ತೆ ಕಣೇ ನೀನು. ಕೊನೆಗೂ."

ಆಗಲೂ ಹೇಳಬಹುದಿತ್ತು. ಡಬ್ಬದಲ್ಲಿ ಧನಿಯ ಇನ್ನೂ ಇತ್ತು. ಸೀದದ್ದನ್ನೇ ಮಿಕ್ಸಿಗೆ ಹಾಕಿ ನಾನೇ ರುಬ್ಬಿಕೊಟ್ಟೆ.

ಎಡೆ ಇಟ್ಟೆವು. ಬಾಡಿನ ಸಾರು, ಮುದ್ದೆ, ವಡೆ, ಮಾವನ ಬ್ರಾಂಡಿ, ಬೀಡಿಕಟ್ಟು. ಸಾಂಬ್ರಾಣಿ ಹಾಕಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಂತೆವು, ಹಿರಿಯರು ಬಂದು ಉಂಡು ಹೋಗಲಿ ಅಂತ. ಆಮೇಲೆ ಪಂಕ್ತಿ. ಮೊದಲು ಕೂತದ್ದು ಮಾವನ ತಮ್ಮ ಹನುಮಂತರಾಯಪ್ಪ ಚಿಕ್ಕಪ್ಪ. ಮುದ್ದೆ ಮುರಿದು, ಅದ್ದಿ, ನುಂಗಿದರು. ನುಂಗಿದ ಮೇಲೆ ಕೈ ಎಲೆ ಮೇಲೇ ಉಳಿಯಿತು.

"ಏನತ್ತಿಗೆ ಇದು? ಬೇವಿನ ಸೊಪ್ಪೇನಾದ್ರೂ ಬಿತ್ತಾ?"

ಅತ್ತೆ ನಕ್ಕರು. "ನಿನ್ನ ನಾಲ್ಗೆನೇ ಬೇವು, ಸುಮ್ನೆ ತಿನ್ನಪ್ಪ."

ಮಕ್ಕಳು ಉಗಿದರು. ಮುನಿರಾಜ್ ಒಂದು ತುತ್ತಿಟ್ಟುಕೊಂಡು ಎದ್ದು ಹಿತ್ತಲಿಗೆ ಹೋದ. ಇವರು ತಲೆ ತಗ್ಗಿಸಿ ಎರಡನೇ ತುತ್ತು ತಿನ್ನಲು ನೋಡಿದರು, ಆಗಲಿಲ್ಲ. ಅತ್ತೆ ಸೌಟಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. ಕಹಿಗೆ ಮೂಗು ಬೇಡ, ನಾಲಿಗೆ ಸಾಕು.

ನನ್ನನ್ನು ನೋಡಿದರು.

ಇವಳೇ ಹೇಳಿದ್ದು ಅನ್ನಬಹುದಿತ್ತು. ಅಂದರೆ, ನಿನಗೇನಾಗಿತ್ತು ಅಂತ ಎಲ್ಲರೂ ಕೇಳುತ್ತಾರೆ. ಆ ಲೆಕ್ಕಾಚಾರ ಅವರ ಮುಖದ ಮೇಲೆ ನಡೆದು ಮುಗಿದದ್ದನ್ನು ನಾನು ಕಂಡೆ.

"ಕೈ ಕೆಟ್ಟೋಯ್ತು ಕಣಪ್ಪಾ" ಅಂದರು. ಚಿಕ್ಕಪ್ಪನಿಗಲ್ಲ, ಮುನಿರಾಜ್‌ಗೆ.

"ಅಣ್ಣನಿಗೆ ಸೀದಿದ್ದು ಬಡಿಸ್ಬಿಟ್ವಲ್ಲಮ್ಮಾ" — ಚಿಕ್ಕಪ್ಪ ಗೋಡೆಯ ಫೋಟೋ ನೋಡಿಕೊಂಡು.

ಮುನಿರಾಜ್ ಮೊಬೈಲಲ್ಲೇ ಬಿರಿಯಾನಿ ತರಿಸಿದ. ಡಬ್ಬಿ ಬಿಚ್ಚಿ ಅದೇ ಬಾಳೆ ಎಲೆಗಳ ಮೇಲೆ ಸುರಿದೆವು. ಚಿಕ್ಕಪ್ಪ ಎರಡು ಸಲ ಹಾಕಿಸಿಕೊಂಡರು. "ಚೆನ್ನಾಗದೆ ಗುರು, ಯಾವ್ ಹೋಟ್ಲುದು?" ಮಾವನ ಎಡೆಯಲ್ಲಿ ಮಾತ್ರ ಅತ್ತೆಯ ಸಾರು ಹಾಗೇ ಇತ್ತು, ಮೇಲೆ ಎಣ್ಣೆ ಕಟ್ಟಿಕೊಂಡು.

ಸಂಜೆ

ಹೋದರು. ಕೈ ಕೆಟ್ಟ ದಿನ ಮುನಿರಾಜ್ ಕಾರ್ ಹತ್ತುತ್ತೀನಿ ಅಂತ ಅತ್ತೆ ಮಾತು ಕೊಟ್ಟಿದ್ದರಲ್ಲ. ಇವರು "ಇನ್ನೆರಡು ದಿನ ಇರಮ್ಮ" ಅಂದರು. ಅಂದ ಧಾಟಿಯಲ್ಲೇ ಗೊತ್ತಾಗುತ್ತಿತ್ತು, ಇರುವುದು ಬೇಡ ಅಂತ.

ಬ್ಯಾಗಿಗೆ ಸೀರೆ ಮಡಿಸಿ ಕೊಡುತ್ತಿದ್ದೆ.

"ಯಾವಾಗಿಂದ ಗೊತ್ತಿತ್ತು ನಿಂಗೆ?"

"ಇಂಗು ತೋರಿಸಿದ ದಿನದಿಂದ."

"ಅದು ಇಂಗಲ್ವಾ?"

"ಮೈದಾ."

ನಾನು ಮಡಿಸಿ ಕೊಟ್ಟ ಸೀರೆಯನ್ನು ಬ್ಯಾಗಿಗೆ ತುರುಕಿದರು. ಆಮೇಲೆ ಭುಜ ಕುಲುಕುವಂತೆ ನಕ್ಕರು. ನಿಜವಾದ ನಗು. "ಭೇಷ್. ನಾನೂ ನಮ್ಮತ್ತೆಗೆ ಇಷ್ಟೊಂದು ಮಾಡಿರ್ಲಿಲ್ಲ ಕಣಮ್ಮಾ." ಬ್ಯಾಗಿನ ಜಿಪ್ ಅವರೇ ಎಳೆದುಕೊಂಡರು.

ಅಕ್ಟೋಬರ್ ೧೨, ಭಾನುವಾರ

ಅಡುಗೆಮನೆ ನನ್ನದು. ಪ್ಯಾಕೆಟ್‌ಗಳು ಶೆಲ್ಫಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ. ಬೆಳಿಗ್ಗೆ ಉಪ್ಪಿಟ್ಟಿನ ರೆಡಿಮಿಕ್ಸ್, ಮಧ್ಯಾಹ್ನ ಸಾರಿನ ಪುಡಿ. ಮಿಕ್ಕ ಹೊತ್ತೆಲ್ಲ ಓದು. ಮನೆಯಲ್ಲಿ ಎಷ್ಟು ಸದ್ದಿಲ್ಲ ಅಂದರೆ ಪುಟ ತಿರುವುವುದು ಕೇಳಿಸುತ್ತದೆ.

ಇವರು ಊಟ ಮಾಡುತ್ತಾ, "ಏನೇ ಆಗ್ಲಿ, ಅಮ್ಮನ ಕೈ ರುಚಿ ಬರಲ್ಲ ಬಿಡು ನಿನಗೆ."

ಅದೇ ಕಂಪನಿ. ಅದೇ ಪ್ಯಾಕೆಟ್. ಹೇಳಲಿಲ್ಲ. ಇನ್ನೊಂದು ಸೌಟು ಬಡಿಸಿದೆ.

ಅಕ್ಷತ ಫೋನ್ ಮಾಡಿದ್ದಳು. "ಅತ್ತೆ ಏನ್ ಕೊಟ್ರೂ ತಿಂತಾರೆ ಅಕ್ಕ. ನಿನ್ನೆ ಅನ್ನ, ಮೊನ್ನೆದು ಸಾಂಬಾರು, ಏನ್ ಬಿಸಿ ಮಾಡಿ ಇಟ್ರೂ ಒಂದ್ ಮಾತಿಲ್ಲ. ನೀವೆಲ್ಲ ಸುಮ್ನೆ ಹೆದರ್ಸಿದ್ರಿ ನನ್ನ." ಆಮೇಲೆ, ನಗುತ್ತಲೇ: "ಮರೆವು ಮಾತ್ರ ಜಾಸ್ತಿ ಆಗಿದೆ. ನಿನ್ನೆ ಹಾಲು ಉಕ್ಕಿ ಉರಿ ಆರಿಹೋಗಿದೆ, ಗ್ಯಾಸ್ ಹಂಗೇ ಬರ್ತಿತ್ತು. ಬಾಗಿಲು ತೆಗೆದ್ರೆ ಗುಪ್ ಅಂತ ವಾಸ್ನೆ. ಅತ್ತೆ ಅಲ್ಲೇ ಸ್ಟೂಲ್ ಮೇಲೆ ಕೂತು ಕಿಟಕಿಯಿಂದ ವಿಮಾನ ನೋಡ್ತಾವ್ರೆ!"

ಕೈಯಲ್ಲಿದ್ದ ಪುಸ್ತಕ ಮುಚ್ಚಿದೆ. "ಹೌದಾ" ಅಂದೆ.

ಅವರಿಗೆ ಯಾರಿಗೂ ಗೊತ್ತಿಲ್ಲ. ಗೊತ್ತಿರುವವರು ಇಬ್ಬರೇ.

ಅಕ್ಟೋಬರ್ ೧೪, ಮಂಗಳವಾರ

ಅತ್ತೆಯೇ ಫೋನ್ ಮಾಡಿದರು. ಅಲ್ಲಿಗೆ ಹೋದ ಮೇಲೆ ಮೊದಲ ಸಲ.

"ಅಕ್ಷತ ಹೇಳಿದ್ಳಾ ಗ್ಯಾಸಿಂದು?"

"ಹೇಳಿದ್ಳು ಅತ್ತೆ."

"ನೀನೇನೂ ಬಾಯಿ ಬಿಡ್ಬೇಡ. ಮರೆವು ಅಂತ್ಲೇ ಇರ್ಲಿ. ಮೂಗಿಲ್ಲ ಅಂತ ಗೊತ್ತಾದ್ರೆ ಇವ್ಳು ನೀರು ಕಾಯ್ಸಕ್ಕೂ ಬಿಡಲ್ಲ. ಆಮೇಲೆ ನಾನ್ ಯಾಕಿರ್ಬೇಕು ಹೇಳು, ಹಾಸಿಗೆ ಥರ?"

"ಅಪಾಯ ಅತ್ತೆ."

"ಅಪಾಯದ ಮಾತು ನೀನ್ ಆಡ್ತೀಯಾ!" ಕಟ್ ಆಯಿತು.

ಅಕ್ಟೋಬರ್ ೨೨, ಬುಧವಾರ

ದೀಪಾವಳಿ. ದೇವನಹಳ್ಳಿಗೆ ಇವರೊಬ್ಬರೇ ಹೋಗಿ ಬಂದರು. ನಾನು ತಲೆನೋವು ಅಂದೆ.

ಹೇಳುವುದು ಸುಲಭ. ಒಂದು ಫೋನ್. ಹೇಳಿದರೆ ಅಕ್ಷತ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ಅವರಿಬ್ಬರೂ ಹೊರಗೆ ದುಡಿಯುವವರು, ಜೊತೆಗೆ ಯಾರನ್ನ ಬಿಡುತ್ತಾರೆ? ಅತ್ತೆ ವಾಪಸ್ ಇಲ್ಲಿಗೆ. ಇದೇ ಹೊಸಿಲು. ಅಲ್ಲದೆ ಯಾವಾಗಿನಿಂದ ಗೊತ್ತಿತ್ತು ಅಂತ ಇವರು ಕೇಳುತ್ತಾರೆ. ಅಕ್ಷತಳೂ ಪಕ್ಕದಲ್ಲೇ ಇದ್ದವಳು. ನನ್ನ "ಇನ್ನೂ ಇಲ್ಲ" ಕೇಳಿಸಿಕೊಂಡವಳು.

ಅವರೇ ಬೇಡ ಅಂದಿದ್ದಾರೆ. ಹಿರಿಯರ ಮಾತು. ಇಷ್ಟು ವರ್ಷದಲ್ಲಿ ಅವರ ಒಂದು ಮಾತನ್ನಾದರೂ ನಡೆಸಿಕೊಟ್ಟ ಹಾಗಾಗುತ್ತದೆ.

ಇದನ್ನು ಬರೆದ ಮೇಲೆ ಓದಿದೆ. ವಾಕ್ಯ ಚೆನ್ನಾಗಿದೆ.

ಅಕ್ಟೋಬರ್ ೩೦, ಗುರುವಾರ. ಸ್ಟಾಫ್ ರೂಮು

ಅಕ್ಷತ ಡ್ಯೂಟಿಯಿಂದ ಫೋನ್ ಮಾಡಿದ್ದಳು. ಇವತ್ತಿನಿಂದ ಅವಳಿಗೆ ಬೆಳಗಿನ ಶಿಫ್ಟ್.

"ಅಕ್ಕ, ಅತ್ತೆ ಇವತ್ತು ಏನ್ ಖುಷಿ ಗೊತ್ತಾ! ನಾನೇ ಸಾರು ಇಡ್ತೀನಿ ಕೊಡೇ ಅಂದ್ರು. ಪಾಪ ಅನ್ನಿಸ್ತು. ಪ್ಯಾಕೆಟ್ ಕೈಗೆ ಕೊಟ್ಟು, ಸ್ಟವ್ ಅವ್ರಿಗೇ ಬಿಟ್ಟು ಬಂದೆ."

"ಮುನಿರಾಜ್ ಇದಾನಾ ಮನೇಲಿ?"

"ಎಲ್ಲಿ ಅಕ್ಕ. ಪಾರ್ಟಿ ಕರ್ಕೊಂಡು ಸೈಟ್ ತೋರ್ಸಕ್ಕೆ ಹೋದ್ರು. ಬರೋದು ಸಂಜೆನೇ."

"ಕಿಟಕಿ ತೆಗೆದಿಟ್ಟಿದೀಯಾ?"

"ಅಯ್ಯೋ, ಸೊಳ್ಳೆ ಕಾಟ. ಎಲ್ಲಾ ಮುಚ್ಚೇ ಬಂದಿದೀನಿ. ಯಾಕಕ್ಕ?"

ಕಾರಿಡಾರಿನಲ್ಲಿ ಮಕ್ಕಳ ಗಲಾಟೆ. ಎದುರಿನ ಟೇಬಲ್ಲಿನಲ್ಲಿ ಯಾರೋ ಚಹಾ ಹೀರುತ್ತಿದ್ದರು.

"ಏನಿಲ್ಲ. ಸುಮ್ನೆ ಕೇಳ್ದೆ."

"ಸರಿ ಅಕ್ಕ, ಗೆಸ್ಟ್ ಬಂದ್ರು, ಇಡ್ತೀನಿ."

ಇಟ್ಟಳು. ಈಗ ಮಾಡಿದರೂ ಎತ್ತುತ್ತಾಳೆ. ಅತ್ತೆಯ ನಂಬರೂ ಇದೆ.

ಬೆಲ್ ಆಯಿತು. ಸೆಕೆಂಡ್ ಪಿಯುಸಿ, ಬಿ ಸೆಕ್ಷನ್. ಇವತ್ತು ಹೊಸ ಪದ್ಯ, ನಿಧಾನವಾಗಿ ಓದಿಸಬೇಕು, ಮೊದಲ ಸಾಲು…